ಬಾರಿಹಣ್ಣಿನ ಸಮಾಚಾರ

ನಮ್ಮ ಓಣಿಗೆ ದಿನಾ ಬೆಳಗ್ಗೆ ಒಂದು ಹಣ್ಣಿನ ಗಾಡಿ ಬರುತ್ತದೆ. ಗಾಡಿಯವನು ಬಾಯಿ ಬಿಡುವುದಿಲ್ಲ. ಅವನ ಪರವಾಗಿ ಗಾಡಿಗೆ ಕಟ್ಟಿದ ಸ್ಪೀಕರ್ ಒದರುತ್ತದೆ. "ಗೋಡ ಬೋರ! ಸಾಖರೇಸಾರಖೇ ಗೋಡ ಬೋರ!" ಸಕ್ಕರೆಯಂಥ ಸಿಹಿ ಬೋರೆಹಣ್ಣಂತೆ. ಮೊನ್ನೆ ನನ್ನ ಸೊಸೆ ಅದನ್ನೇ ಒಂದು ಚೀಲ ತಂದು ತೊಳೆದು, ತಟ್ಟೆಯಲ್ಲಿ ಹಾಕಿ ನನ್ನ ಮುಂದಿಟ್ಟಳು. ಒಂದೊಂದೂ ನಿಂಬೆಹಣ್ಣಿಗಿಂತ ದಪ್ಪ, ಹಸಿರು, ನುಣುಪು. ಕಚ್ಚಿದರೆ ಬಾಯಿ ತುಂಬ ನೀರು. ಹುಳಿಯೂ ಇಲ್ಲ, ಒಗರೂ ಇಲ್ಲ. ಇದ್ದ ನಾಲ್ಕು ಹಲ್ಲಿಗೆ ಅದೇ ಅನುಕೂಲ, ಆದ್ದರಿಂದ ನಾನು ದೂರುವಂತಿಲ್ಲ. ಆದರೆ ಆ ಒದರಾಟ ಮಾತ್ರ ನನಗೆ ಸರಿಬರಲಿಲ್ಲ. ತನ್ನ ಹಣ್ಣನ್ನು ತಾನೇ ಹೀಗೆ ಬೀದಿಯಲ್ಲಿ ನಿಂತು ಹೊಗಳಿಕೊಂಡರೆ ಅದಕ್ಕೆ ಏಳಿಗೆ ಉಂಟೇ? ನೀವು ನಕ್ಕರೆ ನಗಿ. ಇದು ನನ್ನ ಮಾತಲ್ಲ, ನಮ್ಮ ಅತ್ತೆಯವರದು. ಅವರು ಹೋಗಿ ಎಷ್ಟೋ ಕಾಲವಾಯಿತು, ಆದರೂ ನನ್ನ ನಾಲಿಗೆಯ ಮೇಲೆ ಇನ್ನೂ ಕಾವಲು ಕೂತಿದ್ದಾರೆ.

ಅತ್ತೆಯವರದು ವಾಗದರಿ ಎಂಬ ಹಳ್ಳಿ. ಬಾವಿಯ ದಂಡೆಯ ಮೇಲೆ ಅವರದೊಂದು ಬಾರಿಗಿಡವಿತ್ತು. ನಮ್ಮ ಕಡೆ ಬೋರೆಹಣ್ಣಿಗೆ ಬಾರಿಹಣ್ಣು ಅನ್ನುತ್ತೇವೆ. ನಾನು ಅಕ್ಕಲಕೋಟದ ಪೇಟೆಯಲ್ಲಿ ಬೆಳೆದವಳು. ಅಪ್ಪನದು ಹೊಲಿಗೆ ಅಂಗಡಿ. ನಮಗೆ ಬಾರಿಹಣ್ಣೆಂದರೆ ಸಂತೆಯಲ್ಲಿ ಮುದುಕಿಯರು ಬುಟ್ಟಿಯಲ್ಲಿಟ್ಟು ಮಾರುವ ವಸ್ತು. ಗುಂಡಗೆ, ಗೋಲಿಯಷ್ಟು, ಕೆಂಪಾದದ್ದು ಸಿಹಿ, ಹಳದಿಯದು ಹುಳಿ. ಹುಳಿಯದಕ್ಕೆ ಉಪ್ಪು ಹಚ್ಚಿ, ಬೀಜವನ್ನು ಸಾಲೆ ಬಿಡುವವರೆಗೂ ದವಡೆಯಲ್ಲಿಟ್ಟುಕೊಂಡು ಚೀಪುವುದೇ ನಮ್ಮ ದೊಡ್ಡ ವಿದ್ಯೆಯಾಗಿತ್ತು. ಗಿಡದ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂಬುದು ಸಂತೆಯಲ್ಲಿ ಕಲಿಸುವ ಪಾಠವಲ್ಲ.

ಹೀಗಾಗಿ ಮದುವೆಯಾಗಿ ಮೊದಲ ಸಲ ವಾಗದರಿಗೆ ಹೋದಾಗ, ಗಿಡದ ತುಂಬ ಕೆಂಪಗೆ ಹಿಡಿದ ಹಣ್ಣು ಕಂಡು ನಾನು ಕೂಗಿಬಿಟ್ಟೆ. "ಅಯ್ಯಯ್ಯ, ಎಷ್ಟ ಹಣ್ಣ ಹಿಡದಾವರಿ ಅತ್ತಿ! ಟೊಂಗಿ ಬಗ್ಗ್ಯಾವ ನೋಡ್ರಿ!"

ಅತ್ತೆಯವರ ಮುಖ ಸುಣ್ಣವಾಯಿತು. "ಬಾಯಿ ಮುಚ್ಚ! ಬಾಳ್ವೆ ಮಾಡೂ ಹೆಣ್ಮಗಳು ಹಿಂಗ ಒದರತಾಳೇನ? ನೆದರ ಆಗ್ತದ ಗಿಡಕ್ಕ!" ಎಂದವರೇ ಮನೆಗೆ ಹೋಗಿ ಮಾವನವರ ಒಂದು ಹಳೆಯ ಚಪ್ಪಲಿ ತಂದು ಟೊಂಗೆಗೆ ಕಟ್ಟಿದರು. ಮಾವನವರು ಸಂಜೆಯವರೆಗೆ ಆ ಚಪ್ಪಲಿ ಹುಡುಕಿದರು. ಅದು ಅವರ ಪಾಲಿಗೆ ಇನ್ನೂ ಹಳೆಯದಾಗಿರಲಿಲ್ಲ.

ದೃಷ್ಟಿ ತಾಗುತ್ತದೆಂಬ ಈ ಹೆದರಿಕೆ ಗಿಡಕ್ಕಷ್ಟೇ ಸೀಮಿತವಾಗಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ ಅತ್ತೆಯವರು ನನ್ನ ಬಗ್ಗೆಯೂ ಒಂದು ಒಳ್ಳೆಯ ಮಾತು ಆಡಿದವರಲ್ಲ. ಇವರಿಗೆ, ಅಂದರೆ ನನ್ನ ಗಂಡನಿಗೆ, ಸೊಲ್ಲಾಪುರದ ಗಿರಣಿಯಲ್ಲಿ ಕೆಲಸವಿತ್ತು. ನಾವು ಸಾಲುಮನೆಗಳ ಒಂದು ಚಾಳದಲ್ಲಿ ಸಂಸಾರ ಹೂಡಿದ್ದೆವು. ಅತ್ತೆಯವರು ಆಗಾಗ ಬಂದು ಹೋಗುತ್ತಿದ್ದರು. ಬಂದಾಗಲೆಲ್ಲ ನಾನು ಕೈಲಾದಷ್ಟೂ ಮಾಡುತ್ತಿದ್ದೆ. ಹೋಳಿಗೆ ತಟ್ಟಿದರೆ "ತಿನ್ನಾಕ ಬರ್ತದ" ಅನ್ನುವರು. ಕೌದಿ ಹೊಲಿದು ತೋರಿಸಿದರೆ, "ಹೊಚಗೊಂಡರ ಥಂಡಿ ಬಿಡ್ತದ, ಸಾಕಲ್ಲ." ಗಂಡು ಹುಟ್ಟಿದಾಗಲಂತೂ ತೊಟ್ಟಿಲಲ್ಲಿ ಬಗ್ಗಿ ನೋಡಿ, "ಅದ, ಒಂದ ಕೂಸ" ಅಂದರು. ಕೂಸಿರುವುದು ನನಗೂ ಗೊತ್ತಿತ್ತು. ಹುಡುಗಿ ವಯಸ್ಸು ನನ್ನದು. ಬೇರೇನೂ ಬೇಡ, ಈ ಬಾಯಿಂದ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಕೇಳಿಬಿಟ್ಟರೆ ಸಾಕು ಎಂದು ಒಳಗೊಳಗೇ ಹಂಬಲಿಸುತ್ತಿದ್ದೆ. ಇವರ ಮುಂದೆ ಅತ್ತದ್ದೂ ಉಂಟು. ಇವರು, "ನಮ್ಮವ್ವ ಹಂಗ" ಎಂದು ಹೇಳಿ ಪಾಳಿಗೆ ಹೋಗಿಬಿಡುತ್ತಿದ್ದರು.

ಮಗನ ಮೊದಲ ಸಂಕ್ರಾಂತಿ ಹಾಗೇ ಹೋಯಿತು. ಆ ವರ್ಷ ಮಾವನವರು ತೀರಿಕೊಂಡಿದ್ದರಿಂದ ಹಬ್ಬವಿರಲಿಲ್ಲ. ಮರುವರ್ಷ ಅವನಿಗೆ ಬೋರನ್ಹಾಣ ಮಾಡಲೇಬೇಕು ಎಂದು ಅತ್ತೆಯವರ ಅಪ್ಪಣೆಯಾಯಿತು. ಬೋರನ್ಹಾಣವೆಂದರೆ ಕೂಸಿಗೆ ಹಣ್ಣಿನ ಸ್ನಾನ. ಕರಿಯ ಅಂಗಿ ತೊಡಿಸಿ, ಕುಸುರೆಳ್ಳಿನ ಒಡವೆ ಇಟ್ಟು, ಮಣೆಯ ಮೇಲೆ ಕೂರಿಸಿ, ತಲೆಯ ಮೇಲಿಂದ ಬಾರಿಹಣ್ಣು, ಚುರುಮುರಿ, ಕಬ್ಬಿನ ತುಂಡು ಸುರಿಯುತ್ತಾರೆ. ಓಣಿಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಚಳಿಗಾಲ ದಾಟುವಾಗ ಕೂಸಿಗೆ ಬೇನೆ ಬರುವುದಿಲ್ಲವೆಂದು ನಂಬಿಕೆ. ಅತ್ತೆಯವರದು ಇನ್ನೊಂದು ಕಟ್ಟಳೆ: "ಪ್ಯಾಟೀ ಹಣ್ಣ ನಡಿಯಂಗಿಲ್ಲ. ನಮ್ಮ ಮಂದಿ ಗಿಡದ್ದ ಆಗಬೇಕ."

ಆ ವರ್ಷ ಹಸ್ತಾ ಮಳೆ ಬಿಡದೆ ಹೊಡೆದಿತ್ತು. ಬಾರಿಗಿಡ ಹೂವು ಬಿಟ್ಟು ನಿಂತಿರುವ ಹೊತ್ತಿಗೇ ಆ ಮಳೆ. ನನಗೆ ಚಿಂತೆ ಹತ್ತಿತು. ದೀಪಾವಳಿಯಿಂದಲೇ ಸುತ್ತಲ ಸೀಮೆಯ ಬಾರಿಹಣ್ಣಿನ ಸಮಾಚಾರ ಕೂಡಿಹಾಕತೊಡಗಿದೆ. ರೇಡಿಯೋದವರು ಹವಾಮಾನ ಹೇಳುವಷ್ಟೇ ಗಂಭೀರವಾಗಿ ಇವರಿಗೆ ದಿನಾ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದೆ.

ನಳದುರ್ಗಕ್ಕೆ ಕೊಟ್ಟಿದ್ದ ನಾದಿನಿ ಬಂದಾಗ ಕೇಳಿದೆ. "ಎಲ್ಲೀ ಹಣ್ಣ ವೈನಿ! ಮಂಜ ಬಿದ್ದ ಕಾಯಿಗೆಲ್ಲಾ ಬೂದಿ ಬಡದದ. ಉಳದದ್ದ ಆಡ ಮೇದಾವ" ಅಂದಳು. ಇಂಡಿ ಎಂಬ ಊರಿನ ಕಡೆ ಹೊಲವಿದ್ದ ನನ್ನ ಸೋದರಮಾವ ಗಿರಣಿಯ ಗೇಟಿನಲ್ಲಿ ಇವರಿಗೆ ಸಿಕ್ಕಾಗ, "ಏನ ಹೇಳಲಿ, ಒಂದ ಹಣ್ಣ ಒಡದರ ಒಳಗ ಎರಡ ಹುಳಾ" ಎಂದನಂತೆ. ವಾಗದರಿಯಿಂದ ಬಸ್ಸಿಗೆ ಬಂದವರೊಬ್ಬರು ಅತ್ತೆಯವರ ಮಾತು ತಂದರು. "ಗಿಡದಾಗ ಏನೂ ಇಲ್ಲಂತ ಹೇಳ್ಯಾರ್ರಿ. ಬ್ಯಾರೆ ಕಡೆ ನೋಡ್ಕೋ ಅಂದಾರ."

ಬೇರೆ ಕಡೆ ಎಲ್ಲಿ? ನಳದುರ್ಗದಿಂದ ಇಂಡಿಯವರೆಗೆ ಬಾರಿಹಣ್ಣಿನ ಬರ ಬಿದ್ದಿದೆ ಎಂದೇ ನಾನು ನಂಬಿದೆ. ಬರಿಯ ಚುರುಮುರಿ ಸುರಿದರೆ ಅತ್ತೆಯವರು ನನಗೆ ಏನನ್ನುತ್ತಾರೋ ಎಂದು ನೆನೆದೇ ನಿದ್ದೆ ಬಾರದಾಯಿತು. ಕೊನೆಗೆ ನನ್ನ ಗೋಳು ತಾಳದೆ ಇವರು, "ಪ್ಯಾಟ್ಯಾಗ ತರೂಣ ಬಿಡ. ನಮ್ಮ ಗಿಡದ್ದ ಅಂತ ಹೇಳಿದ್ರಾತು, ಹಣ್ಣೇನ ಸಾಕ್ಷಿ ಹೇಳ್ತದೇನ?" ಎಂದು ಒಂದು ಬುಟ್ಟಿ ತಂದು ಮಂಚದ ಕೆಳಗೆ ಬಚ್ಚಿಟ್ಟರು.

ಬೋರನ್ಹಾಣದ ದಿನ ಮಧ್ಯಾಹ್ನ ಮೊದಲು ಬಂದವನು ಸೋದರಮಾವ. ಹೆಗಲ ಮೇಲೆ ತುಂಬಿದ ಚೀಲ. "ಏನಿಲ್ಲವ್ವ, ಹಂಗ ಒಂದ ನಾಕ ಹಣ್ಣ ಅದಾವ" ಎಂದು ಇಳಿಸಿದ, ನೆಲ ಧೊಪ್ಪೆಂದಿತು. ಒಂದು ಹಣ್ಣು ಒಡೆದು ನೋಡಿದೆ. ಹುಳ ಇರಲಿಲ್ಲ. ಹಿಂದೆಯೇ ನಾದಿನಿ, ಧೋತರದಲ್ಲಿ ಕಟ್ಟಿದ ಗಂಟು ಹೊತ್ತು. "ಆಡ ಬಿಟ್ಟದ್ದರಿ ವೈನಿ." ಆ ಆಡು ಬಹಳ ಮರ್ಯಾದಸ್ಥ ಆಡಾಗಿರಬೇಕು, ಗಂಟು ಇಬ್ಬರು ಎತ್ತುವಷ್ಟಿತ್ತು. ಅಕ್ಕಲಕೋಟದಿಂದ ನಮ್ಮ ಅವ್ವ ಬಂದಳು. ಮಗಳ ಮಾನ ಹೋಗಬಾರದೆಂದು ಅವಳೂ ಗುರುತಿನವರ ಗಿಡ ಬಡಿಸಿ ಒಂದು ಬುಟ್ಟಿ ತಂದಿದ್ದಳು. ನಾನು ಮಂಚದ ಕೆಳಗಿನ ಬುಟ್ಟಿಯನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳಿದೆ.

ಕೊನೆಗೆ ಅತ್ತೆಯವರು. ಅವರ ಹಿಂದೆ ಹಮಾಲ, ಅವನ ತಲೆಯ ಮೇಲೆ ಒಂದು ಗೋಣಿಚೀಲ, ಬಗಲಲ್ಲಿ ಇನ್ನೊಂದು. "ಗಿಡದಾಗ ಏನ ಇರಲಿಲ್ಲ. ಉದರಿದ್ದ ಆರಿಸ್ಕೊಂಡ ಬಂದೀನಿ" ಅಂದರು. ಚೀಲ ಬಿಚ್ಚಿದರೆ ಒಂದೊಂದೂ ತೊಟ್ಟು ಸಮೇತ, ಕೈಯಿಂದ ಬಿಡಿಸಿದ ಕೆಂಪು ಹಣ್ಣು. ಖೋಲಿಯ ತುಂಬ ಆ ಹುಳಿ-ಸಿಹಿ ವಾಸನೆ. ಕಾಲಿಡಲು ಜಾಗವಿಲ್ಲ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಯಾರ ಮುಖದಲ್ಲೂ ಲವಲೇಶ ನಾಚಿಕೆಯೂ ಇರಲಿಲ್ಲ. ಎಲ್ಲರ ಗಿಡವೂ ಹಣ್ಣು ತುಂಬಿ ನಿಂತಿದ್ದ ವರ್ಷ ಅದು. ನೆದರಾದೀತೆಂದು ಎಲ್ಲರೂ ಇಲ್ಲ ಅಂದಿದ್ದರು, ಪೇಟೆಯ ಹುಡುಗಿಯಾದ ನಾನೊಬ್ಬಳೇ ಅದನ್ನು ನಿಜವೆಂದು ನಂಬಿದ್ದೆ.

ಮಗನನ್ನು ಮಣೆಯ ಮೇಲೆ ಕೂರಿಸಿ ಸುರಿದೆವು. ಚಾಳದ ಮಕ್ಕಳೆಲ್ಲ ಉಡಿ ತುಂಬಿಕೊಂಡರೂ ಮುಗಿಯಲಿಲ್ಲ. ಅವನು ಮೊದಲು ಅತ್ತು, ಆಮೇಲೆ ಒಂದು ಹಣ್ಣು ಬಾಯಿಗಿಟ್ಟುಕೊಂಡು ಸುಮ್ಮನಾದ. ಹೆಂಗಸರು ಕೂತು ಮಾತಾಡುವಾಗ ಪಕ್ಕದ ಖೋಲಿಯ ಮರಾಠಿ ಹೆಂಗಸೊಬ್ಬರು ಅತ್ತೆಯವರನ್ನು ಕೇಳಿದರು. "ಆಜಿ, ಸೂನಬಾಯಿ ಕಶಿ ಆಹೇ ತುಮಚಿ?" ಸೊಸೆ ಹೇಗಿದ್ದಾಳೆ ಎಂದು. ನಾನು ಚಹಾದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಅತ್ತೆಯವರು ಮುಖ ಆಚೆ ತಿರುಗಿಸಿ ಅಂದರು: "ಅದಾಳ. ಹೇಳೂವಂಥಾದ್ದ ಏನಿಲ್ಲ."

ಅದೇ ದನಿ. ಗಿಡದಲ್ಲಿ ಏನಿಲ್ಲ ಅಂದ ಅದೇ ದನಿ. ನನ್ನ ಕಾಲ ಬುಡದಲ್ಲಿ ಆ "ಏನಿಲ್ಲ"ದ ಎರಡು ಚೀಲ ಬಿದ್ದಿದ್ದವು.

ಎಲ್ಲರೂ ಎದ್ದ ಮೇಲೆ ಅತ್ತೆಯವರು ಮುಷ್ಟಿಯಲ್ಲಿ ಉಪ್ಪು-ಮೆಣಸಿನಕಾಯಿ ಹಿಡಿದು ಮೊಮ್ಮಗನಿಗೆ ದೃಷ್ಟಿ ತೆಗೆದರು. ಕೂಸನ್ನು ಎತ್ತಿಕೊಳ್ಳಲು ನಾನು ಬಗ್ಗಿದರೆ ನನ್ನ ರಟ್ಟೆ ಹಿಡಿದು ಅದೇ ಮಣೆಯ ಮೇಲೆ ಕೂರಿಸಿದರು. "ನೀನೂ ಕುಂಡ್ರ. ಮಂದಿ ಕಣ್ಣ ಕೆಟ್ಟ ಇರ್ತಾವ." ನನ್ನ ತಲೆಯ ಸುತ್ತ ಮುಷ್ಟಿ ಸುತ್ತಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಚಟ ಅಂದಿತು. ಅತ್ತೆಯವರು ಇದ್ದಷ್ಟು ದಿನ ನನ್ನನ್ನು ಹೊಗಳಲಿಲ್ಲ. ನಾನೂ ಆಮೇಲೆ ಅದಕ್ಕೆ ಕಾಯಲಿಲ್ಲ. ಅಂದು ಮಣೆಯ ಮೇಲೆ ಕೂತಾಗ ಆದಷ್ಟು ಸುಖ ಯಾವ ಹೊಗಳಿಕೆಯಿಂದಲೂ ಆಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಆದರೆ ಅದು ನನಗೆ ಅರ್ಥವಾದದ್ದು ಬಾರಿಹಣ್ಣಿನ ದಯೆಯಿಂದ. ಎಲ್ಲರಿಗೂ ಅಂಥ ಚೀಲ ಸಿಗುತ್ತದೆಯೇ? ಮೊನ್ನೆ ತಟ್ಟೆ ಮುಂದಿಟ್ಟುಕೊಂಡು ಇದನ್ನೆಲ್ಲ ನೆನೆಯುತ್ತಿದ್ದಾಗ ಸೊಸೆ ನನ್ನ ಹಾಸಿಗೆ ಕೊಡವುತ್ತಿದ್ದಳು. ಅವಳಿಗೂ ಈಗ ತಲೆ ನರೆತಿದೆ. ಇಷ್ಟು ವರ್ಷ ಅವಳು ಏನು ಮಾಡಿದರೂ ನಾನು "ಹೂಂ, ನಡೀತದ" ಎಂದೇ ಬಂದವಳು. ಅವಳ ಒಳಗೂ ಒಂದು ಹಂಬಲ ಇದ್ದಿದ್ದರೆ? ಎದೆ ಗಟ್ಟಿಮಾಡಿಕೊಂಡು ಹೇಳಿಯೇಬಿಟ್ಟೆ.

"ನೀ ಬಂದ ಮ್ಯಾಲ ನನ್ನ ಮನಿ ಬೆಳಕಾಗ್ಯಾದ ನೋಡವ್ವ. ನಿನ್ನಂಥ ಸೊಸಿ ಸಿಗಾಕ ಪುಣ್ಯಾ ಬೇಕ."

ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ್ರಿ ಅತ್ತಿ, ಆರಾಮ ಅದೀರಿಲ್ಲೋ?" ಆಮೇಲೆ, "ಹಂಗೆಲ್ಲಾ ಬಾಯಿಬಿಟ್ಟ ಅನಬ್ಯಾಡ್ರಿ, ನೆದರ ಆಗ್ತದ" ಎಂದು ಗದರಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ಕೂತಳು. ಎಲ್ಲೋ ನೋಡುತ್ತ ಮೆಲ್ಲಗೆ ಕೇಳಿದಳು.

"ಆಗ ಏನೋ ಅಂದ್ರೆಲ್ಲಾ ಅತ್ತಿ... ಇನ್ನೊಮ್ಮೆ ಅನ್ರಿ."