ಸ್ಟಿಕ್ಕರ್ ಅಲ್ಲ ಸ್ವಾಮೀ!

ಚೆನ್ನೈಯ ಕೀಲ್ಪಾಕಿನ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಸಂಜೀವನಿಗೆ ಸಿಟ್ಟು ಬಂದರೆ, ಊರಾಚೆಯ ತಾಂಬರಂ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿರುವವರು ಗುಡುಗೆಂದು ತಿಳಿದು ಕೊಡೆ ಬಿಚ್ಚುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇಲ್ಲ. ನಾನು ಮೂವತ್ತೈದು ವರ್ಷ ಜೀವವಿಮೆ ಮಾರಿದವನು, ಸುಳ್ಳು ಹೇಳುವುದು ನನಗೆ ಒಗ್ಗುವುದಿಲ್ಲ.

ಸಂಜೀವ ಪೆರಂಬೂರಿನ ಕಾರ್ಖಾನೆಯಲ್ಲಿ ರೈಲು ಡಬ್ಬಿಗಳ ಸೀಟಿಗೆ ಬಟ್ಟೆ ಹೊದಿಸುವ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಇದ್ದ. ಈ ದೇಶದಲ್ಲಿ ಯಾರಾದರೂ ರೈಲಿನ ಸೀಟಿನಲ್ಲಿ ಗೊರಕೆ ಹೊಡೆದು ಇಳಿಯಬೇಕಾದ ಊರು ದಾಟಿ ಹೋಗಿದ್ದರೆ, ಆ ಪಾಪದಲ್ಲಿ ಅವನಿಗೂ ಪಾಲಿದೆ. ಅಪ್ಪನ ಕಾಲಕ್ಕೆ ನಂಜನಗೂಡಿನ ಕಡೆಯಿಂದ ಬಂದ ಮನೆ. ತಾಯಿ ಶಿವಲಿಂಗಮ್ಮನವರಿಗೆ ಎಂಬತ್ತಾರು, ಕಣ್ಣು ಮಂಜು, ನಾಲಿಗೆ ಚುರುಕು. ಮಗನ ಕನ್ನಡದಲ್ಲಿ ಅರ್ಧ ತಮಿಳು. ಮೊಮ್ಮಗಳು ಚಿನ್ಮಯಿ ಅಜ್ಜಿ ಬೈದರೆ ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಬೈಯುತ್ತಾಳೆ.

ಸಂಜೀವನಿಗೆ ಬಾಳಿನಲ್ಲಿ ನಂಬಿಕೆ ಎರಡೇ. ಒಂದು, ಹೊದಿಸಿದ ಬಟ್ಟೆಯ ನೂಲು ಒಂದೆಳೆಯೂ ಸೊಟ್ಟಗಿರಬಾರದು. ಎರಡು, ಆಯುಧಪೂಜೆಗೆ ಇಟ್ಟ ಉಪಕರಣವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟಬಾರದು. ಒಮ್ಮೆ ದಿಲ್ಲಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಪೂಜೆಗಿಟ್ಟ ಹೊಲಿಗೆ ಯಂತ್ರ ಓಡಿಸಿ ತೋರಿಸು ಎಂದಾಗ, ಇವನು ಅದರ ಮುಂದೆ ಅಡ್ಡ ಮಲಗಿದನಂತೆ. ಅಧಿಕಾರಿ ತೆಂಗಿನಕಾಯಿ ಹೋಳು ತೆಗೆದುಕೊಂಡು ವಾಪಸಾದರು.

ಇಂಥವನ ಹನ್ನೊಂದು ವರ್ಷದ ಬೆಳ್ಳಿ ಬಣ್ಣದ ಕಾರಿನ ಒಳಗಡೆ, ಮರದಂತೆ ಕಾಣುವ ಪ್ಲಾಸ್ಟಿಕ್ ಪಟ್ಟಿಗಳಿದ್ದವು. ಅವು ಸುಕ್ಕಾಗಿ ಸಿಪ್ಪೆ ಏಳುತ್ತಿದ್ದವು. ಚಿನ್ಮಯಿ, "ಅಪ್ಪಾ, ಇದು ತಾತಾ ಕಾರ್ ಪಾ. ಕಾರ್ಬನ್ ಫೈಬರ್ ಪೋಡು, ಸೂಪರಾ ಇರುಕ್ಕುಂ" ಎಂದಳು. ಇದು ಅಜ್ಜಂದಿರ ಕಾರು, ಕಾರ್ಬನ್ ಫೈಬರ್ ಹಾಕಿಸು ಎಂದು. ಮಗಳ ಮಾತು ಕೇಳಿ ಸಂಜೀವ ಮೌಂಟ್ ರೋಡಿನ ಹಿಂದೆ ಕಾರಿನ ಅಲಂಕಾರ ಮಾರುವ ಬೀದಿಗೆ ಹೋಗಿ, ತಂಗವೇಲು ಎಂಬವನ ಅಂಗಡಿಯಲ್ಲಿ ಕಾರ್ಬನ್ ಹೊದಿಕೆ ಹಾಕಿಸಿಕೊಂಡು ಬಂದ.

ಇಲ್ಲಿನವರು ಕತ್ತರಿ ಎನ್ನುವ ಮೇ ತಿಂಗಳ ಸುಡುಬಿಸಿಲು ಬಂತು. ಆ ವರ್ಷದ ಬಿಸಿಲು ಎಂಥದೆಂದರೆ ಎಣ್ಣೂರಿನ ವಿದ್ಯುತ್ ಸ್ಥಾವರದವರು ಕಲ್ಲಿದ್ದಲು ಬಿಟ್ಟು ಬಾಯ್ಲರನ್ನು ಬೀದಿಯಲ್ಲಿ ಇಡೋಣವೇ ಎಂದು ಯೋಚಿಸುತ್ತಿದ್ದರಂತೆ. ಮೂರನೆಯ ದಿನ ತಂಗವೇಲುವಿನ ಕಾರ್ಬನ್ ಮೂಲೆ ಮೂಲೆಯಲ್ಲಿ ಎದ್ದು, ಸುರುಳಿ ಸುತ್ತಿ, ಬಿಸಿಲಿಗೆ ಹಾಕಿದ ಹಪ್ಪಳದಂತಾಯಿತು. ಕೆಳಗೆ ನೋಡಿದರೆ ಅಂಟು. ಕಾರ್ಬನ್ ಬಟ್ಟೆಯ ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ!

"ಬಟ್ಟೆಯ ಫೋಟೋ ಮಾರ್ತಾರಲ್ಲ ಸಾರ್!" ಎಂದು ಸಂಜೀವ ನನ್ನ ಮನೆಯ ಬಾಗಿಲಲ್ಲಿ ನಿಂತು ಕೂಗಿದ. "ಪಂಚೆ ಕೇಳಿದ್ರೆ ಪಂಚೆ ಫೋಟೋ ಸುತ್ತಿ ಕಳಿಸ್ತಾರಾ? ಹೇಳಿ ಸಾರ್, ಕಳಿಸ್ತಾರಾ?"

ಅವನು ಕೂಗಿದ್ದರಲ್ಲಿ ತಪ್ಪೇನಿದೆ? ತುಪ್ಪದ ಹೆಸರಲ್ಲಿ ಡಾಲ್ಡಾ, ತೇಗದ ಹೆಸರಲ್ಲಿ ಪ್ಲೈವುಡ್ಡು. ಕೊನೆಗೆ ಇದ್ದಿಲಿನ ನೂಲಿಗೂ ನಕಲಿ ಬಂತಲ್ಲ ಎಂದು ನನಗೂ ಮೈ ಉರಿಯಿತು.

ನಿಜವಾದ ಕಾರ್ಬನ್ ಫೈಬರ್ ಎಂದರೆ ಬಟ್ಟೆ. ಕಪ್ಪು ನೂಲಿನಲ್ಲಿ ಓರೆ ಓರೆಯಾಗಿ ನೇಯ್ದದ್ದು, ಕೈಯಲ್ಲಿ ಹಿಡಿದರೆ ರೇಷ್ಮೆಯಂತೆ ಜಾರುತ್ತದೆ. ಬಟ್ಟೆ ಎಂದು ತಿಳಿದ ಕ್ಷಣವೇ ಸಂಜೀವನ ಕೈ ತುರಿಸಿತು. ಗಿಂಡಿ ಬಡಾವಣೆಯ ಕಾರ್ಖಾನೆ ಬೀದಿಗೆ ಹೋಗಿ ಒಂದು ಗಜ ಬಟ್ಟೆ, ಎರಡು ಡಬ್ಬಿ ರಾಳ ತಂದು, ಮನೆಯಲ್ಲೇ ಶುರು ಮಾಡಿದ. ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡುವುದು. ಅದಕ್ಕೆ ಕಪ್ಪು ರಾಳ ಬಳಿಯುವುದು. ರಾಳ ಅಂಟಂಟಾದಾಗ, ಮುಂಚೆಯೂ ಅಲ್ಲ ಆಮೇಲೂ ಅಲ್ಲ, ಬಟ್ಟೆಯನ್ನು ಮೇಲೆ ಮಲಗಿಸಿ ಮೂಲೆಗಳಿಗೆ ನೀವುವುದು. ಗಟ್ಟಿಯಾದ ಮೇಲೆ ಬಟ್ಟೆಯ ಮೇಲೆ ತಿಳಿ ರಾಳ, ಒಂದು ಪದರ, ಎರಡು, ಮೂರು. ಆಮೇಲೆ ನೀರು ಹಾಕಿ ಉಜ್ಜಿ ಉಜ್ಜಿ, ಗಾಜಿನಂತೆ ಮಿಂಚುವವರೆಗೆ ಉಜ್ಜುವುದು.

ಆ ಅಂಟು ಯಾವಾಗ ಹದಕ್ಕೆ ಬಂತೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಅದನ್ನು ಹೇಳುತ್ತಿದ್ದವಳು ಹೆಂಡತಿ ಸರಸ. ಅಡುಗೆಮನೆಯಿಂದ ಬಂದು ಒಂದು ಬೆರಳು ತಾಗಿಸಿ ಎತ್ತಿ, "ಇನ್ನೂ ಒಂದೆಳೆ ಪಾಕ. ಎರಡೆಳೆ ಬರಲಿ, ಆಮೇಲೆ ಹಾಕಿ" ಎಂದು ಹೋಗುತ್ತಿದ್ದಳು. ಡಬ್ಬಿಯ ಮೇಲೆ ಬರೆದ ನಿಮಿಷದ ಲೆಕ್ಕ ಚೆನ್ನೈಯ ಸೆಕೆಯಲ್ಲಿ ಸುಳ್ಳಾಗುತ್ತಿತ್ತು, ಸರಸಳ ಬೆರಳು ಒಮ್ಮೆಯೂ ಆಗಲಿಲ್ಲ.

ಮೊದಲು ಕಿಟಕಿಯ ಗುಂಡಿಗಳಿರುವ ಸಣ್ಣ ಪಟ್ಟಿ ತಯಾರಾಯಿತು. ನೂಲು ಒಂದೆಳೆ ಸೊಟ್ಟ ಇರಲಿಲ್ಲ. ಅದನ್ನು ಹೊಸ ಟವೆಲಿನಲ್ಲಿ ಸುತ್ತಿ, ನನ್ನನ್ನೂ ಕೂರಿಸಿಕೊಂಡು ತಂಗವೇಲುವಿನ ಅಂಗಡಿಗೆ ಹೋದ. ಅಂಗಡಿ ತುಂಬ ಗಿರಾಕಿಗಳು. ತಂಗವೇಲು ಪಟ್ಟಿಯನ್ನು ದೂರದಿಂದ ಒಮ್ಮೆ ನೋಡಿ, "ನಲ್ಲ ಸ್ಟಿಕ್ಕರ್ ಸಾರ್. ಎಂದ ಕಡೈಲ ಒಟ್ಟಿನೀಂಗ?" ಎಂದ. ಒಳ್ಳೆ ಸ್ಟಿಕ್ಕರ್, ಯಾವ ಅಂಗಡಿಯಲ್ಲಿ ಅಂಟಿಸಿದ್ದು ಅಂತ!

"ಸ್ಟಿಕ್ಕರಾ? ನಾನೇ ಮಾಡ್ದೆ ಪಾ, ವೀಟ್ಲ!"

"ವೀಟ್ಲಯಾ? ಅದೆಲ್ಲಾಂ ಫಾರಿನ್ ಮಷಿನ್ ವೇಲೈ ಸಾರ್. ವೀಟ್ಲ ಇಡ್ಲಿ ದಾನ್ ಪಣ್ಣಲಾಂ."

ಅದೆಲ್ಲ ಫಾರಿನ್ ಮಷಿನ್ನಿನ ಕೆಲಸ, ಮನೆಯಲ್ಲಿ ಇಡ್ಲಿ ಮಾತ್ರ ಮಾಡಬಹುದು ಅಂತ! ಗಿರಾಕಿಗಳೆಲ್ಲ ನಕ್ಕರು. ಸಂಜೀವನ ಕಿವಿ ಕೆಂಡವಾಗಿ, ಅದರ ಹತ್ತಿರ ಹೋಗಿದ್ದರೆ ಬೀಡಿ ಹಚ್ಚಬಹುದಿತ್ತು. ಅವನು ಮೇಜು ಗುದ್ದಿ ಹೇಳಿದ: ಆಯುಧಪೂಜೆ ಕಳೆದ ಭಾನುವಾರ ಬರುತ್ತೇನೆ. ಗೇರಿನ ಸುತ್ತಲಿನ ಪಟ್ಟಿ ತರುತ್ತೇನೆ. ಹಳ್ಳ, ದಿಣ್ಣೆ, ಒಂಬತ್ತು ತಿರುವು ಇರುವ ಪಟ್ಟಿ ಅದು. ಯಾವ ಸ್ಟಿಕ್ಕರೂ ಅದರ ಮೇಲೆ ಸುಕ್ಕಿಲ್ಲದೆ ಕೂರಲಾರದು. ಅವತ್ತು ಇದೇ ಅಂಗಡಿಯಲ್ಲಿ, ಇಷ್ಟೇ ಜನರ ಮುಂದೆ, 'ಇದು ಸ್ಟಿಕ್ಕರ್ ಅಲ್ಲ' ಎಂದು ನೀನು ನಿನ್ನ ಬಾಯಲ್ಲೇ ಹೇಳಬೇಕು.

ತಂಗವೇಲು, "ವಾಂಗ ಸಾರ್, ವಾಂಗ" ಎಂದ. ಬನ್ನಿ ಬನ್ನಿ ಎನ್ನುವ ಧಾಟಿಯಲ್ಲೇ ಹೋಗಿ ಹೋಗಿ ಎಂಬುದಿತ್ತು.

ಉಳಿದಿದ್ದ ಬಟ್ಟೆ ಆ ಒಂದು ಪಟ್ಟಿಗಷ್ಟೇ ಸಾಲುತ್ತಿತ್ತು. ಅದನ್ನು ಕೂರಿಸಲು ಸಂಜೀವ ಹರಿಸಿದ ಬೆವರನ್ನು ಕಟ್ಟೆ ಹಾಕಿ ನಿಲ್ಲಿಸಿದ್ದರೆ ಕೀಲ್ಪಾಕಿಗೆ ಒಂದು ಬೇಸಿಗೆ ನೀರಿನ ಲಾರಿ ಬೇಕಿರಲಿಲ್ಲ. ಆದರೂ ಕೂರಿಸಿದ. ಒಂಬತ್ತು ತಿರುವಿನಲ್ಲೂ ಓರೆ ನೂಲು ನೇಗಿಲ ಸಾಲಿನಂತೆ ಸಾಗಿತ್ತು. ನಾನೇ ಕನ್ನಡಕ ಬದಲಿಸಿ ಬದಲಿಸಿ ನೋಡಿದೆ.

ಆಯುಧಪೂಜೆಯ ದಿನ ಅವನಿಗೊಂದು ಜಾಣ ಉಪಾಯ ಹೊಳೆಯಿತು. ಪೂಜೆಗೆ ಕೂತ ಮೇಲೆ ಬ್ರಷ್ಷು ಮುಟ್ಟುವಂತಿಲ್ಲ, ನಿಜ. ಮುಂಜಾನೆಯೇ ಬಟ್ಟೆಯ ಮೇಲೆ ಮೊದಲ ತಿಳಿ ರಾಳ ಬಳಿದುಬಿಟ್ಟರೆ? "ಆಯುಧಕ್ಕೆ ರಜಾ, ರಾಳಕ್ಕೆ ಕೆಲಸ, ಹೆಂಗೆ ಸಾರ್!" ಎಂದು ನನ್ನ ಮುಂದೆ ಮೀಸೆ ತೀಡಿದ. ಬಳಿದ. ಧೂಳಿಲ್ಲದ ಜಾಗ ಇಡೀ ಮನೆಯಲ್ಲಿ ಒಂದೇ, ಉಗ್ರಾಣದ ಕೋಣೆ. ಅಲ್ಲಿ ಪಟ್ಟಿಯನ್ನು ಬೋರಲು ತಪ್ಪಲೆಯ ಮೇಲೆ ಒಣಗಲು ಇಟ್ಟ. ಅದರ ಪಕ್ಕದಲ್ಲೇ ಕತ್ತರಿ, ಬ್ರಷ್ಷು, ಉಜ್ಜುವ ಯಂತ್ರ, ಸರಸಳ ಮಿಕ್ಸಿ, ಚಿನ್ಮಯಿಯ ಲ್ಯಾಪ್‌ಟಾಪು, ರಕ್ತದೊತ್ತಡ ನೋಡುವ ಯಂತ್ರ ಎಲ್ಲವನ್ನೂ ಪೂಜೆಗೆ ಜೋಡಿಸಿ, "ಅವ್ವಾ, ಎಲ್ಲಕ್ಕೂ ವಿಭೂತಿ ಕುಂಕುಮ ಇಕ್ಬುಡು" ಎಂದು ಸ್ನಾನಕ್ಕೆ ಹೋದ.

ಹೊರಗೆ ಬಂದಾಗ ಶಿವಲಿಂಗಮ್ಮನವರು ಬಲಗೈಯ ಮೂರು ಬೆರಳನ್ನು ಮೇಲೆತ್ತಿಕೊಂಡು ನಿಂತಿದ್ದರು.

"ಲೋ ಸಂಜೀವ, ಬೆಳ್ಳು ಅಂಟ್ಕತಾವೆ ಕಣ್ಲಾ. ಅದೇನ್ಲಾ ಬೆಲ್ಲ ಮೆತ್ತಿದ್ದೀಯ?"

ಸಂಜೀವ ಒಳಗೆ ಹೋಗಿ ನೋಡಿದ. ಗೇರಿನ ಪಟ್ಟಿಯ ನಟ್ಟನಡುವೆ, ಹಸಿ ರಾಳದಲ್ಲಿ, ದಪ್ಪನೆಯ ಮೂರು ಬಿಳಿ ಪಟ್ಟೆ. ನಡುವೆ ಕಾಸಗಲ ಕುಂಕುಮ.

ಆಗ ಬಂದ ಕೂಗಿಗೆ ನಾನು ಎರಡು ಮಹಡಿ ಹತ್ತಿ ಹೋದೆ. ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿದ್ದ ವಿಮಾನವೊಂದು ಒಂದು ಸುತ್ತು ಹೆಚ್ಚಿಗೆ ಸುತ್ತಿತೆಂದು ಆಮೇಲೆ ಹೇಳಿಕೆ.

"ಇದು ಆಯುಧಾನಾ ಅವ್ವಾ? ಇದು ಆಯುಧಾನಾ?"

"ನೀನೇ ಅಲ್ವೇನ್ಲಾ ಎಲ್ಲಕ್ಕೂ ಇಕ್ಕು ಅಂದೋನು? ಕರ್ರಗೆ ಮಿಂಚ್ತಿತ್ತು, ಲಿಂಗದಂಗೆ ಕಾಣಿಸ್ತು. ಇಕ್ದೆ. ಮಾಡ್ದೋಳ್ದು ತಪ್ಪಾ, ಹೇಳ್ದೋನ್ದು ತಪ್ಪಾ?"

ರಾಳ ಇನ್ನೂ ಹಸಿ. ಆ ಗಳಿಗೆಯಲ್ಲೇ ಬ್ರಷ್ಷಿನಿಂದ ವಿಭೂತಿ ಎತ್ತಿ, ಹೊಸ ರಾಳ ಬಳಿದರೆ ಎಲ್ಲ ಸರಿಹೋಗುತ್ತಿತ್ತು. ಬ್ರಷ್ಷು ಒಂದು ಮೊಳ ದೂರದಲ್ಲಿತ್ತು. ಅದರ ಹಣೆಯ ಮೇಲೂ ವಿಭೂತಿ ಇತ್ತು, ಮುಂದೆ ಊದುಬತ್ತಿ ಉರಿಯುತ್ತಿತ್ತು.

ಸಂಜೀವನ ಕೈ ಮುಂದೆ ಹೋಯಿತು. ನಿಂತಿತು. ಹಿಂದೆ ಬಂತು.

"ಅಪ್ಪಾ, ಜಸ್ಟ್ ಎಡುಪ್ಪಾ! ಯಾರು ಪಾಕ್ಕ ಪೋರಾ?" ಎಂದಳು ಚಿನ್ಮಯಿ. ತೆಗೆದುಕೋ, ಯಾರು ನೋಡುತ್ತಾರೆ ಎಂದು.

"ದಿಲ್ಲಿ ಆಫೀಸರ್‌ಗೇ ಬಿಡ್ಲಿಲ್ಲ ನಾನು!" ಎಂದು ಗುಡುಗಿದ. ಗುಡುಗಿನ ಕೊನೆ ಒಡೆದಿತ್ತು.

ಸರಸ ಬಂದು ರಾಳದ ಅಂಚಿಗೆ ಬೆರಳು ತಾಗಿಸಿ, "ಗಟ್ಟಿ ಪಾಕ ಆಗ್ತಿದೆ ರೀ. ಇನ್ನರ್ಧ ಗಂಟೆ, ಆಮೇಲೆ ಕಲ್ಲು" ಎಂದಳು. ಆ ಅರ್ಧ ಗಂಟೆ ಅವನು ಉಗ್ರಾಣದ ಹೊಸ್ತಿಲ ಮೇಲೆ ಕೈಕಟ್ಟಿ ಕೂತು, ತನ್ನ ಕೆಲಸ ಕಲ್ಲಾಗುವುದನ್ನು ನೋಡಿದ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯದವನ ಸಿಟ್ಟಿನಷ್ಟು ಬಿಸಿ ಈ ಊರಿನ ಮೇ ತಿಂಗಳೂ ಇಲ್ಲ.

ಮರುದಿನ ಬೆಳಿಗ್ಗೆ ಉಪಕರಣ ಕದಲಿಸಿದ ಕೂಡಲೆ ಉಪ್ಪುಕಾಗದ ಹಿಡಿದ. ಹಿಡಿದು ಕೆಳಗಿಟ್ಟ. ವಿಭೂತಿ ಕೂತದ್ದು ಮೊದಲ ತೆಳು ಪದರದಲ್ಲಿ, ನೂಲಿಗೆ ತಾಗಿ. ಉಜ್ಜಿದರೆ ನೂಲೇ ಹರಿಯುತ್ತದೆ. ಎಸೆದುಬಿಡುತ್ತೇನೆ ಎಂದು ಎತ್ತಿಕೊಂಡ.

"ವಿಭೂತಿ ಇಟ್ಟಿದ್ದನ್ನ ಕಸಕ್ಕೆ ಹಾಕ್ತೀರಾ?" ಎಂದಳು ಸರಸ. "ಹಾಕಿ ನೋಡೋಣ. ರೂಲ್ಸು ಎಲ್ಲ ನಿಮ್ಮದೇ ಅಲ್ವಾ?"

ಎಸೆಯುವಂತಿಲ್ಲ, ಉಜ್ಜುವಂತಿಲ್ಲ. ಹಲ್ಲು ಕಡಿಯುತ್ತಾ ಅದರ ಮೇಲೆಯೇ ಇನ್ನೆರಡು ಪದರ ಬಳಿದ. ಶುಕ್ರವಾರ ಒಣಗಿತು. ಶನಿವಾರ ಉಜ್ಜಿ ಹೊಳಪು ಕೊಟ್ಟ. ಕಪ್ಪು ನೇಯ್ಗೆಯ ಮೇಲೆ, ಗಾಜಿನಂಥ ಆಳದಲ್ಲಿ, ಮೂರು ಪಟ್ಟೆ ಮತ್ತು ಒಂದು ಬೊಟ್ಟು. ಅದು ಗೇರಿನ ಪಟ್ಟಿಯಂತಿರಲಿಲ್ಲ. ಸಾಕ್ಷಾತ್ ಕಾರೇ ಸ್ನಾನ ಮಾಡಿ ಪೂಜೆಗೆ ಕೂತಂತಿತ್ತು.

"ಹೋಗೋದು ಬೇಡ ಬಿಡಯ್ಯ" ಎಂದೆ ನಾನು.

"ಬರ್ತೀನಿ ಅಂದಿದ್ದೀನಿ ಸಾರ್. ಬರದೆ ಹೋದ್ರೆ ಅವನು ಗೆದ್ದಂಗೆ. ನಗಲಿ, ಆದ್ರೆ ಸ್ಟಿಕ್ಕರ್ ಅಂತ ಮಾತ್ರ ನಗಬಾರ್ದು."

ಭಾನುವಾರ ತಂಗವೇಲುವಿನ ಅಂಗಡಿಯಲ್ಲಿ ಅವತ್ತಿಗಿಂತ ಹೆಚ್ಚು ಜನ. ಸಂಜೀವ ಟವೆಲು ಬಿಚ್ಚಿ ಪಟ್ಟಿಯನ್ನು ಗಾಜಿನ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ತಂಗವೇಲು ನಗುತ್ತಾ ಬಂದು, ಪೂಜೆ ಮಾಡಿಸಿಕೊಂಡೇ ತಂದಿದ್ದೀರಾ ಎಂದು ಹೆಬ್ಬೆರಳಿನಿಂದ ವಿಭೂತಿ ಒರೆಸಿದ. ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ. ಹೋಗಲಿಲ್ಲ. ಉಗುರಿನಿಂದ ಅಂಚು ಎಬ್ಬಿಸಲು ನೋಡಿದ; ಅಂಚೇ ಇರಲಿಲ್ಲ. ಸ್ಟಿಕ್ಕರ್ ಬಿಡಿಸುವ ಎಣ್ಣೆ ಹಚ್ಚಿ ತಿಕ್ಕಿದ, ಬೆಳಕಿಗೆ ಹಿಡಿದು ಓರೆ ಮಾಡಿದ. ಪಟ್ಟೆಗಳು ಮೇಲಿಲ್ಲ, ಒಳಗಿವೆ ಎಂಬುದು ಕಂಡಿತು. ಗಿರಾಕಿಗಳು ಸುತ್ತ ಕವಿದರು.

ತಂಗವೇಲು ಪಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟ. "ಇದು ಸ್ಟಿಕ್ಕರ್ ಇಲ್ಲೈ" ಎಂದ. ಎಲ್ಲರಿಗೂ ಕೇಳಿಸಿತು.

ಸಂಜೀವನ ಎದೆ ಎಷ್ಟು ಉಬ್ಬಿತೆಂದರೆ ನಾನು ಪಕ್ಕಕ್ಕೆ ಸರಿಯಬೇಕಾಯಿತು. ಆ ಗಳಿಗೆಯಲ್ಲಿ ನಾವು ಹೊರಟುಬಿಡಬೇಕಿತ್ತು.

"ಸಾರ್, ಒರು ಐಂಬದು ಪೀಸ್ ಪಣ್ಣಿ ಕುಡುಂಗ" ಎಂದ ತಂಗವೇಲು, ಸಂಜೀವನ ಎರಡೂ ಕೈ ಹಿಡಿದು. "ಇದೇ ಮಾದಿರಿ, ಪಟ್ಟೈಯೋಡ. ಬಕ್ತಿ ಮಾಡಲ್! ಮುರುಗನ್ ವೇಲ್ ಒಂದು, ನಾಮಂ ಒಂದು."

ಐವತ್ತು ಬೇಕಂತೆ. ವಿಭೂತಿ ಪಟ್ಟೆಯ ಸಮೇತ. ಭಕ್ತಿ ಮಾಡೆಲ್. ಮುರುಗನ ವೇಲಾಯುಧದ್ದೊಂದು, ನಾಮದ್ದೊಂದು.

"ನೂಲು ನೋಡಯ್ಯಾ!" ಎಂದ ಸಂಜೀವ, ಅರ್ಧ ತಮಿಳು ಮರೆತು. "ಒಂಬತ್ತು ತಿರುವಿದೆ, ಒಂದೆಳೆ ಜಾರಿಲ್ಲ. ಅದು ನೋಡು! ನೂಲು ಪಾರು!"

"ನೂಲ್ ಯಾರು ಸಾರ್ ಪಾಕ್ಕುರಾಂಗ? ಪಟ್ಟೈ ದಾನ್ ಸೂಪರ್."

ನೂಲನ್ನು ಯಾರು ನೋಡುತ್ತಾರೆ! ಸಂಜೀವ ಪಟ್ಟಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಬಿದ್ದ. ಮನೆ ಸೇರುವವರೆಗೆ ಅವನು ಹಾರನ್ ಹಾಕಲಿಲ್ಲ, ಬೈಗುಳಕ್ಕೇ ದಾರಿ ಬಿಡುತ್ತಿದ್ದರು. ಮೂವತ್ತನಾಲ್ಕು ವರ್ಷದ ಕೈಗೆ ಬೆಲೆಯಿಲ್ಲ, ಮೂರು ಬೆರಳಿನ ಎಡವಟ್ಟಿಗೆ ಐವತ್ತು ಆರ್ಡರು! ನಾನು ಕೂಡ ಎರಡು ಮಾತು ಬೈದೆ. ಬೈಯದವನು ಮನುಷ್ಯನೇ ಅಲ್ಲ.

ಪಟ್ಟಿ ಈಗ ಕಾರಿನಲ್ಲಿ ಗೇರಿನ ಸುತ್ತ ಕೂತಿದೆ. ಹೋದ ಶುಕ್ರವಾರ ಶಿವಲಿಂಗಮ್ಮನವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರಿನಲ್ಲಿ ಕೂರಿಸಿದರು. ನಾನು ಹಿಂದೆ ಕೂತಿದ್ದೆ. ಮುದುಕಿ ಬಗ್ಗಿ ನೋಡಿ, ಹಬ್ಬದ ವಿಭೂತಿ ಇನ್ನೂ ಹಾಗೇ ಇದೆಯಲ್ಲ, ಒರೆಸಿ ಹೊಸದಾಗಿ ಇಡೋಣವೆಂದು ಸೆರಗಿನ ತುದಿಗೆ ಎಂಜಲು ಹಚ್ಚಿ ತಿಕ್ಕಿದರು. ಇನ್ನೊಮ್ಮೆ ತಿಕ್ಕಿದರು. ಆಮೇಲೆ ಮಗನ ಕಡೆ ತಿರುಗಿ ಗದರಿದರು:

"ಹೋಗಾದೇ ಇಲ್ವಲ್ಲೋ! ದೇವ್ರ ವಿಭೂತೀಗೂ ಸ್ಟಿಕ್ಕರ್ ತಂದು ಅಂಟ್ಸಿದ್ದೀಯೇನ್ಲಾ?"

ನಾನು ಎರಡೂ ಕಿವಿ ಮುಚ್ಚಿಕೊಂಡೆ. ತಾಂಬರಂನವರ ಪಾಡು ತಾಂಬರಂನವರಿಗೆ.