ಕಾಕಾ ಒಪ್ಪದ ಟೈರು

ಗೆಳೆಯರೇ, ಕಾರಿಗೆ ನಾಲ್ಕು ಟೈರು ಆರಿಸಲು ಇಷ್ಟು ಜಗಳ ಬೇಕಾಗುತ್ತದೆ ಎಂದು ಇವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಮಿರಜದ ಟೈರಿನ ಅಂಗಡಿಗೆ ಆರಗ ಊರಿನ ನಮ್ಮ ಕಾಕಾ ಜೊತೆಗೆ ಬಂದಿದ್ದರು. ಟ್ರ್ಯಾಕ್ಟರ್ ಓಡಿಸಿಯೇ ತಲೆ ನರೆತವರು. ಅಂಗಡಿಯವನು ಎಲ್ಲ ಹಂಗಾಮಿಗೂ ನಡೆಯುವ ಟೈರು ತೋರಿಸಿದ. ಅದರ ಮೇಲೆ ಹಿಮದ ಗುರುತಿತ್ತು.

"ಮಿರಜದಾಗ ಬರ್ಫ್ ಯಾವಾಗ ಬಿದ್ದಿತ್ತೋ ತಮ್ಮಾ?" ಎಂದರು ಕಾಕಾ. "ದೊಡ್ಡ ಹಲ್ಲಿಂದು ಕೊಡು. ಕೆಸರಾಗ ಹೊಲದ ಮಟಾ ಹೋಗಬೇಕು."

"ಅದನ್ನ ಹಾಕಿದ್ರ ತಿರುವಿನ್ಯಾಗ ಗಾಡಿ ಹೊಯ್ದಾಡತೈತ್ರಿ ಕಾಕಾ. ಮತ್ತ ಥಂಡ್ಯಾಗ ನಮ್ಮ ರಸ್ತೇದಾಗ ಬರ್ಫ್ ಇರಲಿಕ್ಕಂದ್ರೂ ಕಬ್ಬು ಇರತೈತಲ್ರಿ" ಎಂದೆ ನಾನು.

ಟ್ರಾಲಿಗಳಿಂದ ಬಿದ್ದು, ಚಕ್ರಕ್ಕೆ ಸಿಕ್ಕಿ ಜಜ್ಜಿದ ಕಬ್ಬು, ಅದರ ಮೇಲೆ ಇಬ್ಬನಿ. ಮೊನ್ನೆ ಅದರ ಮೇಲೆಯೇ ಜಾರಿ ಗಟಾರದ ಅಂಚಿಗೆ ಹೋಗಿದ್ದೆ. ಹಾಗಾಗಿ ಇವತ್ತು ಹಠ ಬಿಡಲಿಲ್ಲ, ಹಿಮದ ಗುರುತಿನ ಟೈರನ್ನೇ ಹಾಕಿಸಿದೆ. ಕಾಕಾ ಕಾರಿನಲ್ಲಿ ಮುಖ ತಿರುಗಿಸಿ ಕುಳಿತರು.

ಊರಿಗೆ ಮರಳುವಾಗ, ಮಾಲಗಾಂವ ದಾಟಿದ ಮೇಲೆ ಒಂದು ತಿರುವಿನಲ್ಲಿ, ಮುಂದಿದ್ದ ಟ್ರಾಲಿಯಿಂದ ಕಬ್ಬಿನ ಹೊರೆಯೇ ಕಳಚಿ ಬಿತ್ತು. ಬ್ರೇಕ್ ಒತ್ತಿದೆ. ಕೆಳಗೆಲ್ಲ ಜಜ್ಜಿದ ಕಬ್ಬಿದ್ದರೂ ಗಾಡಿ ಆಚೀಚೆ ಜಾರದೆ, ಹೊರೆಯ ಮುಂದೆ ಗಪ್ಪನೆ ನಿಂತಿತು.

ಕಾಕಾ ಇಳಿದರು. ಟೈರು ನೋಡುತ್ತಾರೆ ಎಂದುಕೊಂಡೆ. ಅವರು ದಪ್ಪನೆಯ ಕಬ್ಬೊಂದನ್ನು ಆರಿಸಿ, ಮುರಿದು, ಅಗಿಯುತ್ತ ಬಂದು ಕುಳಿತರು.

"ಟೈರು ಹೆಂಗ ಅದಾವ್ರಿ ಕಾಕಾ?" ಎಂದೆ.

"ಕಬ್ಬ ಭಾಳ ಚಲೋ ಐತಿ ತಂಗಿ" ಎಂದು ಅರ್ಧ ನನ್ನ ಕೈಗೆ ಕೊಟ್ಟರು.

ಟೈರು ಚಲೋ ಎನ್ನುವುದಕ್ಕಿಂತ ಅವರಿಗೆ ಅದೇ ಸುಲಭ.