ಅಕ್ಕಿ ಡ್ರಮ್ಮಿನಲ್ಲಿ ಪಠ್ಯಪುಸ್ತಕ

ಸೊಸೆಯ ಬಾಣಂತನಕ್ಕೆಂದು ವತ್ಸಲಮ್ಮ ಮೈಸೂರಿನಿಂದ ನೈರೋಬಿಗೆ ಬಂದಿಳಿದಾಗ ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬಾಣಂತಿ ಖಾರ, ಸಾಂಬ್ರಾಣಿ, ಉಣ್ಣೆಯ ಸ್ಕಾರ್ಫುಗಳೇ ಹೆಚ್ಚಿದ್ದವು. ಮೊದಲ ದಿನ ಅವರು ಹಾಕಿದ ಹೊಗೆ ನೋಡಿ ಕಿಲೆಲೆಶ್ವಾ ಬಡಾವಣೆಯ ಆ ಫ್ಲ್ಯಾಟಿನ ಕಾವಲುಗಾರ ವಿನ್ಸೆಂಟ್ ನೀರಿನ ಬಕೆಟ್ ಹಿಡಿದು ಮೇಲಕ್ಕೆ ಓಡಿಬಂದಿದ್ದ. ವತ್ಸಲಮ್ಮ ಅವನ ಕೈಗೊಂದು ಅಂಟಿನುಂಡೆ ಕೊಟ್ಟು ಕಳಿಸಿದರು.

ಸೊಸೆ ಪ್ರಣತಿಗೆ ಎಲ್ಲಕ್ಕೂ ನಗು ಬರುತ್ತಿತ್ತು, ಒಂದನ್ನು ಬಿಟ್ಟು. ಅವಳು ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಓದುತ್ತಿದ್ದಳು, ಅರ್ಧ ಫೀಸಿಗೆ ಸಹಾಯಧನ ಸಿಗುತ್ತಿತ್ತು. ಅತ್ತೆಯ ಕಾಯಿದೆಯಲ್ಲಿ ಬಾಣಂತಿ ಓದುವಂತಿಲ್ಲ.

"ಹಸಿ ಮೈ ಕಣೇ. ಈಗ ಓದಿದ್ರೆ ಕಣ್ಣು ಹೋಗತ್ತೆ."

"ಅತ್ತೆ, ಮುಂದಿನ ತಿಂಗಳೇ ಪರೀಕ್ಷೆ!"

"ಪರೀಕ್ಷೆ ಮತ್ತೆ ಬರತ್ತೆ. ಕಣ್ಣು ಬರತ್ತಾ?"

ಮರುದಿನ ಪುಸ್ತಕಗಳು ಮಾಯ. ಲ್ಯಾಪ್‌ಟಾಪು ಗಂಡ ಯಶವಂತನ ಕೈಯಲ್ಲಿ ಆಫೀಸು ಸೇರಿತ್ತು. ಪ್ರಣತಿ ಎರಡು ಪೇಪರಿನಲ್ಲಿ ಫೇಲಾದಳು, ಸಹಾಯಧನ ನಿಂತಿತು. ಅದಿಲ್ಲದಿದ್ದರೆ ಓದೂ ಇಲ್ಲ. ಮೇಲ್ಮನವಿಗೆ ಒಂದೇ ಅವಕಾಶ. ಅಡ್ಡಿಯಾದದ್ದೇನು, ಅದು ಮತ್ತೆ ಆಗದೆಂಬುದಕ್ಕೆ ಖಾತ್ರಿಯೇನು ಎಂದು ವಿಶ್ವವಿದ್ಯಾಲಯದ ಸಮಿತಿಗೆ ಹೇಳಬೇಕು.

ವಿಚಾರಣೆಯ ದಿನ ವತ್ಸಲಮ್ಮ ಮಗು ಶರ್ವಾಣಿಯನ್ನು ಸೆರಗಿನೊಳಗೆ ಬೆಚ್ಚಗೆ ಹೊದಿಸಿಕೊಂಡು ತಾವೂ ಹೊರಟರು. "ಮಗು ಹಾಲಿಗೆ ಅಳತ್ತೆ" ಎಂಬುದು ನೆಪ.

ಸಮಿತಿಯ ಮುಖ್ಯಸ್ಥ ಆಲ್ಫ್ರೆಡ್ ಕನ್ನಡಕದ ಮೇಲಿಂದ ನೋಡಿ, ಏನು ತೊಂದರೆಯಾಯಿತೆಂದು ಕೇಳಿದರು. ಪ್ರಣತಿ ಅತ್ತೆಯನ್ನು ಹಿಡಿದುಕೊಡುವುದು ಹೇಗೆಂದು ತಿಳಿಯದೆ "ಆರೋಗ್ಯ ಸರಿಯಿರಲಿಲ್ಲ" ಎಂದಳು. ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆಂದು ಡಾಕ್ಟರು ಬರೆದಿದ್ದಾರಲ್ಲ, ಎಂದರು ಆಲ್ಫ್ರೆಡ್. ಓದು ಕೈತಪ್ಪಿತೆಂದೇ ಪ್ರಣತಿಗನ್ನಿಸಿತು.

ಹಿಂದಿನ ಕುರ್ಚಿಯಲ್ಲಿದ್ದ ವತ್ಸಲಮ್ಮ ಎದ್ದು ನಿಂತರು.

"ಸಾರ್, ಐ ಓನ್ಲಿ. ಆಲ್ ಬುಕ್ಸ್, ಐ ಓನ್ಲಿ ಪುಟ್ ಇನ್ ರೈಸ್ ಡ್ರಮ್."

"ರೈಸ್ ಡ್ರಮ್?"

"ಎಸ್. ಬೇಬಿ ಕಮಿಂಗ್, ಮದರ್ ರೀಡಿಂಗ್, ಐಸ್ ಗೋಯಿಂಗ್."

ಆಲ್ಫ್ರೆಡ್ ಪೆನ್ನು ಕೆಳಗಿಟ್ಟರು. ಸಮಿತಿಯ ಇನ್ನೊಬ್ಬ ಸದಸ್ಯೆ ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದರು. ಪ್ರಣತಿ ನಾಚಿಕೆ ನುಂಗಿಕೊಂಡು ತಮ್ಮ ಕಡೆಯ ಬಾಣಂತನದ ಪದ್ಧತಿಯನ್ನು ವಿವರಿಸಿದಳು. ಎಲ್ಲ ಕೇಳಿದ ಮೇಲೆ ಆಲ್ಫ್ರೆಡ್ ವತ್ಸಲಮ್ಮನನ್ನೇ ನೇರವಾಗಿ ಕೇಳಿದರು: ಇದು ಮತ್ತೆ ಆಗುವುದಿಲ್ಲವೆಂದು ಏನು ಖಾತ್ರಿ?

"ನೋ, ನೋ ಸಾರ್. ಸೆಕೆಂಡ್ ಬೇಬಿ ಆಫ್ಟರ್ ಡಿಗ್ರಿ ಓನ್ಲಿ!"

ಪ್ರಣತಿಗೆ ಮೇಜಿನ ಕೆಳಗೆ ತೂರಿಕೊಳ್ಳುವಂತಾಯಿತು. ಆಲ್ಫ್ರೆಡ್ ಮಾತ್ರ ಗಂಭೀರವಾಗಿ ತಲೆಯಾಡಿಸಿ, ಮುಂದಿನ ಸೆಮಿಸ್ಟರಿಗೆ ಸಹಾಯಧನ ಕೊಡುತ್ತೇವೆ, ಎಲ್ಲ ಪೇಪರೂ ಪಾಸಾಗಲೇಬೇಕು ಎಂದರು. ವತ್ಸಲಮ್ಮ ಹೊರಡುವಾಗ ಸಮಿತಿಗೆಲ್ಲ ಕೇಳುವಂತೆ "ಅಸಾಂಟೆ" ಎಂದರು, ವಿನ್ಸೆಂಟ್ ಕಲಿಸಿದ ಸ್ವಾಹಿಲಿ ಧನ್ಯವಾದ.

ಮನೆಗೆ ಮರಳುವ ಮಟಾಟು ವ್ಯಾನಿನಲ್ಲಿ ಪ್ರಣತಿ ಮುನಿಸಿನಿಂದ ಹೇಳಿದಳು: "ಎರಡನೇದರ ಮಾತು ಯಾಕೆ ಬೇಕಿತ್ತು, ಅತ್ತೆ?"

"ಅವರು ಖಾತ್ರಿ ಕೇಳಿದ್ರು, ಕೊಟ್ಟೆ. ನೀನು ಹೇಳಿದ್ಯಾ ಏನಾದ್ರೂ?"

ಮನೆಗೆ ಬಂದವರೇ ವತ್ಸಲಮ್ಮ ಡ್ರಮ್ಮಿನೊಳಗೆ ಕೈಹಾಕಿ ಪುಸ್ತಕಗಳನ್ನು ಎತ್ತಿದರು, ಅಕ್ಕಿಕಾಳು ಕೊಡವಿ ಸೊಸೆಯ ಮುಂದಿಟ್ಟರು. ಪ್ರಣತಿ ಮೊದಲ ಪುಟ ತೆರೆಯುವಷ್ಟರಲ್ಲಿ ಹಿಂದಿನಿಂದ ಉಣ್ಣೆಯ ಸ್ಕಾರ್ಫು ಅವಳ ತಲೆಗೆ ಬಂದು ಬಿಗಿಯಿತು.

"ಓದು. ಕಿವಿ ಮಾತ್ರ ಮುಚ್ಕೊಂಡು ಓದು."